ಮೊದಲ ಟೆಂಟ್ ಕಣದ ಬದಿಯಲ್ಲಿ

ಪ್ರಶ್ನೆ: ಟೀಚರ್, ನಮಸ್ಕಾರ. ನಮ್ಮ ಮಗಳಿಗೆ ನಾಲ್ಕು ವರ್ಷ ತುಂಬಿದೆ. ಯಜಮಾನರು ಕಾಲೇಜಿನ ದಿನಗಳಲ್ಲಿ ಬೆಟ್ಟ ಹತ್ತಿ ಟೆಂಟ್ ಹಾಕಿ ಮಲಗಿದವರು. ಈ ಚಳಿಗಾಲ ಮಗಳನ್ನು ತಡಿಯಂಡಮೋಳ್ ಕಡೆಗೆ ಕರೆದುಕೊಂಡು ಹೋಗಿ ಒಂದು ರಾತ್ರಿ ಟೆಂಟಿನಲ್ಲಿ ಇರೋಣ ಎನ್ನುತ್ತಿದ್ದಾರೆ. ಅತ್ತೆಯವರು, “ಅಷ್ಟು ಸಣ್ಣ ಕೂಸನ್ನು ಬಯಲಿನಲ್ಲಿ ಮಲಗಿಸುವುದುಂಟೇ? ಮಂಜು ಬಿದ್ದು ಜ್ವರ ಬರುತ್ತದೆ” ಎಂದು ಮಾತು ಬಿಟ್ಟಿದ್ದಾರೆ. ನನಗೆ ಇಬ್ಬರು ಹೇಳುವುದೂ ಸರಿ ಎನಿಸುತ್ತದೆ. ಮಗಳು ಮಾತ್ರ ಆಗಲೇ ತನ್ನ ಗೊಂಬೆಗೆ ಬಟ್ಟೆಯ ಚೀಲ ಕಟ್ಟಿಟ್ಟಿದ್ದಾಳೆ. ನಾನು ಏನು ಮಾಡಲಿ?
ಒಬ್ಬ ತಾಯಿ, ಕುಶಾಲನಗರ

ಉತ್ತರ: ತಂಗಿ, ಖಂಡಿತ ಹೋಗಿ. ಗೊಂಬೆಯ ಚೀಲವೂ ಸಿದ್ಧವಾದ ಮೇಲೆ ಬೇಡ ಎನ್ನಲು ನನಗೆ ಬಾಯಿ ಬರುವುದಿಲ್ಲ. ಆದರೆ ತಡಿಯಂಡಮೋಳ್ ಬೇಡ. ಈ ವರ್ಷ ಯಾವ ಬೆಟ್ಟವೂ ಬೇಡ.

ನಾಪೋಕ್ಲು, ವಿರಾಜಪೇಟೆ ಸುತ್ತಮುತ್ತಲ ಶಾಲೆಗಳಲ್ಲಿ ಮೂವತ್ತೊಂದು ವರ್ಷ ಪಾಠ ಹೇಳಿದವಳು ನಾನು. ಅದರಲ್ಲಿ ಹೆಚ್ಚಿನ ವರ್ಷ ಗೈಡ್ಸ್ ಹುಡುಗಿಯರನ್ನು ಕಟ್ಟಿಕೊಂಡು ಶಿಬಿರ ಹೂಡಿದ್ದೇನೆ. ದೊಡ್ಡ ಮಕ್ಕಳ ಶಿಬಿರಕ್ಕೆ ನನ್ನಲ್ಲಿ ಹತ್ತಾರು ನಿಯಮಗಳಿದ್ದವು. ನಾಲ್ಕು ವರ್ಷದ ಮಗುವಿಗೆ ಇರುವುದು ಒಂದೇ ನಿಯಮ. ನಿದ್ದೆಯಲ್ಲಿರುವ ಮಗುವನ್ನು ಹೆಗಲಿಗೆ ಹಾಕಿಕೊಂಡು, ಇನ್ನೊಂದು ಕೈಯಲ್ಲಿ ಟಾರ್ಚ್ ಹಿಡಿದು, ಮಗುವಿಗೆ ಎಚ್ಚರವಾಗುವುದರೊಳಗೆ ನಡೆದು ತಲುಪುವಷ್ಟು ಹತ್ತಿರದಲ್ಲಿ ಗೋಡೆ, ಹೆಂಚು, ಅಗುಳಿ ಇರುವ ಒಂದು ಮನೆ ಇರಬೇಕು. ಈ ಒಂದು ನಿಯಮವನ್ನು ಹಿಡಿದುಕೊಂಡರೆ ಉಳಿದ ಪ್ರಶ್ನೆಗಳಲ್ಲಿ ಅರ್ಧ ತಾವಾಗಿಯೇ ಬಗೆಹರಿಯುತ್ತವೆ.

ತಡಿಯಂಡಮೋಳ್ 1,748 ಮೀಟರ್ ಎತ್ತರದ್ದು, ನಮ್ಮ ಕೊಡಗು ಜಿಲ್ಲೆಯಲ್ಲೇ ಅತಿ ಎತ್ತರ. ಮೇಲೆ ಹೋದರೆ ಗಾಳಿಗೆ ಮರೆಯಿಲ್ಲ. ಮಗು ಅರ್ಧ ದಾರಿಯಲ್ಲಿ “ಎತ್ತಿಕೋ” ಎನ್ನುತ್ತದೆ, ಆಗ ತಂದೆಯ ಬೆನ್ನಿನ ಮೇಲೆ ಟೆಂಟ್, ಎದೆಯ ಮೇಲೆ ಮಗು. ಬೆಟ್ಟದ ಮೇಲೆ ರಾತ್ರಿ ತಂಗಲು ಅರಣ್ಯ ಇಲಾಖೆ ಬಿಡುವುದೂ ಇಲ್ಲ. ಬ್ರಹ್ಮಗಿರಿ, ಪುಷ್ಪಗಿರಿ, ತಲಕಾವೇರಿ ಈ ಮೂರು ವನ್ಯಧಾಮಗಳಲ್ಲಾಗಲಿ, ನಾಗರಹೊಳೆಯಲ್ಲಾಗಲಿ ನಾವಾಗಿಯೇ ಹೋಗಿ ಟೆಂಟ್ ಹೊಡೆಯುವಂತಿಲ್ಲ. ನಿಮ್ಮ ಯಜಮಾನರಿಗೆ ನಾನು ಹೇಳಿದೆ ಎಂದು ಹೇಳಿ: ಮಗಳಿಗೆ ಆ ಬೆಟ್ಟವನ್ನು ತೋರಿಸಲು ಇನ್ನೂ ಹತ್ತು ವರ್ಷ ಸಮಯವಿದೆ. ಈಗ ಬೇಕಾದರೆ ಒಂದು ಹಗಲು ಆ ಬೆಟ್ಟದ ಬುಡದ ಕಕ್ಕಬ್ಬೆಗೆ ಹೋಗಿ, ನಾಲ್ಕುನಾಡು ಅರಮನೆಯ ಕಂಬಗಳನ್ನು ಮಗಳಿಂದ ಎಣಿಸಿ, ಬುತ್ತಿ ಬಿಚ್ಚಿ ಉಂಡು, ಕತ್ತಲಾಗುವ ಮೊದಲು ಮನೆ ಸೇರಿ.

ಟೆಂಟ್ ಎಲ್ಲಿ ಹಾಕಬೇಕು? ಪರಿಚಯದವರ ತೋಟದ ಮನೆಯ ಅಂಗಳದಲ್ಲಿ, ಕಣದ ಬದಿಯಲ್ಲಿ. ಇದು ನಾನು ಕಂಡುಹಿಡಿದ ಉಪಾಯವಲ್ಲ. ಕಾಫಿ ಕೊಯ್ಲಿನ ಕಾಲದಲ್ಲಿ ಕಣದಲ್ಲಿ ಹರಡಿದ ಹಣ್ಣಿಗೆ ಕಾವಲು ಬೇಕಲ್ಲ, ನಮ್ಮ ತಂದೆ ರಾತ್ರಿ ಅಲ್ಲೇ ಟಾರ್ಪಾಲಿನ ಗುಡಿಸಲು ಕಟ್ಟಿಕೊಂಡು ಮಲಗುತ್ತಿದ್ದರು. ನನಗೆ ಐದು ವರ್ಷವಾದಾಗ ಹಟ ಹಿಡಿದು ಅವರ ಜೊತೆ ಒಂದು ರಾತ್ರಿ ಮಲಗಿದೆ. ಅರ್ಧ ಒಣಗಿದ ಕಾಫಿ ಹಣ್ಣಿನ ಹುಳಿ ಬೆರೆತ ಸಿಹಿ ವಾಸನೆ, ಕಂಬಳಿಯ ಒರಟು, ನಡುನಡುವೆ ತಂದೆಯ ಕೆಮ್ಮು. ಇಂದಿಗೂ ಡಿಸೆಂಬರಿನಲ್ಲಿ ಯಾವುದಾದರೂ ಕಣದ ಪಕ್ಕ ಹಾದುಹೋದರೆ ಆ ರಾತ್ರಿಯೇ ಎದ್ದು ಬರುತ್ತದೆ. ಅಮ್ಮ ಅಡುಗೆಮನೆಯ ಕಿಟಕಿಯಲ್ಲಿ ಒಂದು ಚಿಮಣಿ ದೀಪ ಉರಿಸಿಟ್ಟಿದ್ದರು. ಅದು ಕಾಣುತ್ತಿತ್ತೆಂದೇ ನನಗೆ ಭಯವಾಗಲಿಲ್ಲ.

ಮೊಮ್ಮಗಳಿಗೆ ನಾಲ್ಕು ತುಂಬಿದಾಗ ನಾನೂ ಅದೇ ಜಾಗ ಆರಿಸಿದೆ, ನಾಪೋಕ್ಲು ಹತ್ತಿರ ಅಣ್ಣನ ಮನೆಯ ಕಣ. ಜನವರಿ ತಿಂಗಳು. ಸಿಮೆಂಟಿನ ನೆಲಕ್ಕೆ ಗೂಟ ಇಳಿಯುವುದಿಲ್ಲವೆಂದು ಪಕ್ಕದ ಹುಲ್ಲಿನ ಮೇಲೆ ಟೆಂಟ್ ನಿಲ್ಲಿಸಿದೆವು. ಗೂಟ ಎತ್ತಿ ಕೊಡುವ ಕೆಲಸ ಅವಳದು. ಎಂಟು ಗೂಟ, ಎಂಟೂ ಎಣಿಸಿ ಕೊಟ್ಟಳು, ಕೊನೆಯದನ್ನು ಮಾತ್ರ ತಾನೇ ಹೊಡೆಯುತ್ತೇನೆ ಎಂದಳು. ಎಂಟು ಗಂಟೆಗೆ ನಿದ್ದೆ ಹೋದವಳು ಎರಡು ಗಂಟೆಗೆ ಎದ್ದು ಕೂತು, ಟೆಂಟಿನ ಬಟ್ಟೆ ಮುಟ್ಟಿ ನೋಡಿ, “ಅಜ್ಜಿ, ನಮ್ಮ ಮನೆ ಬೆವರಿದೆ” ಎಂದಳು.

ನಿಜ, ಬೆವರಿತ್ತು. ಚಳಿ ಎಂದು ಗಾಳಿ ಕಿಂಡಿಗಳನ್ನೆಲ್ಲ ನಾನೇ ಮುಚ್ಚಿದ್ದೆ. ನಮ್ಮೆಲ್ಲರ ಉಸಿರಿನ ತೇವ ತಣ್ಣಗಿನ ಬಟ್ಟೆಗೆ ತಾಗಿ ಹನಿಗಟ್ಟಿ, ಬದಿಯಲ್ಲಿದ್ದ ಅವಳ ಹೊದಿಕೆಯ ಅಂಚು ಒದ್ದೆಯಾಗಿತ್ತು. ಅವಳು ಅಳಲಿಲ್ಲ. “ಒಳಗೆ ಹೋಗೋಣವಾ?” ಎಂದಳು. ಹೋದೆವು. ಮೂವತ್ತು ಹೆಜ್ಜೆ. ಅತ್ತಿಗೆ ಅಗುಳಿ ಹಾಕದೆ ಬಿಟ್ಟಿದ್ದರು. ಬೆಳಿಗ್ಗೆ ಎದ್ದವಳೇ ಕೆಲಸಕ್ಕೆ ಬಂದವರಿಗೆಲ್ಲ, “ನಾನು ಟೆಂಟಿನಲ್ಲಿ ಮಲಗಿದೆ” ಎಂದು ಹೇಳಿಕೊಂಡು ಬಂದಳು. ಯಾರೂ ಅವಳ ಮಾತನ್ನು ತಿದ್ದಲಿಲ್ಲ. ನಾನು ಮುಖ್ಯವಾಗಿ ಹೇಳಬೇಕೆಂದಿರುವುದು ಇದನ್ನೇ, ತಂಗಿ. ನಡುರಾತ್ರಿ ಒಳಗೆ ಬರಲು ದಾರಿ ಇದ್ದುದರಿಂದಲೇ ಅವಳು ಫೆಬ್ರವರಿ ಕೊನೆಯಲ್ಲಿ ಮತ್ತೆ ಹೊರಗೆ ಮಲಗಲು ಒಪ್ಪಿದಳು. ಆ ಸಲ ಬೆಳಗಿನವರೆಗೂ ಮಲಗಿದಳು. ಇನ್ನೂ ನಸುಕು, ತೋಟದ ಬದಿಯ ತೋಡಿನ (ಸಣ್ಣ ಹಳ್ಳದ) ಕಡೆಯಿಂದ ಯಾರೋ ಹುಡುಗ ಸಿಳ್ಳೆ ಹಾಕಿಕೊಂಡು ಹೋಗುತ್ತಿರುವ ಹಾಗೆ ಸದ್ದು. “ಇಷ್ಟು ಬೇಗ ಯಾರಜ್ಜಿ ಶಾಲೆಗೆ ಹೋಗುವುದು?” ಎಂದು ಕೇಳಿದಳು. ಅದು ಮಲಬಾರ್ ವಿಸ್ಲಿಂಗ್ ಥ್ರಷ್, ನೀಲಿಗಪ್ಪು ಬಣ್ಣದ ಹಕ್ಕಿ. ಹಕ್ಕಿ ಎಂದು ಹೇಳಿದರೂ ಅವಳು ನಂಬಲಿಲ್ಲ. ಬೆಳಕು ಹರಿದ ಮೇಲೆ ತೋಡಿಗೆ ಹೋಗಿ ಕಲ್ಲಿನ ಮೇಲೆ ಕೂತದ್ದನ್ನು ತೋರಿಸಬೇಕಾಯಿತು.

ಈಗ ಅತ್ತೆಯವರ ಮಾತು. ಮಂಜಿನಿಂದಲೇ ಜ್ವರ ಬರುವುದಿಲ್ಲ, ಅದು ಸೋಂಕಿನಿಂದ ಬರುವುದು. ಆದರೆ ಅವರು ಹೆದರಿದ್ದು ಸುಮ್ಮನೆ ಅಲ್ಲ. ಮಗುವಿನ ತೂಕಕ್ಕೆ ಹೋಲಿಸಿದರೆ ಮೈಯ ಹೊರಮೈ ಹೆಚ್ಚು, ಹಾಗಾಗಿ ನಮಗಿಂತ ಬೇಗ ಅದರ ಶಾಖ ಇಳಿದುಹೋಗುತ್ತದೆ. ಡಿಸೆಂಬರ್, ಜನವರಿಯ ಬೆಳಗಿನ ಜಾವದ ಚಳಿ ನಿಮಗೇ ಗೊತ್ತು. ಒದ್ದೆ ಬಟ್ಟೆ ಇದ್ದರಂತೂ ಕೇಳುವುದೇ ಬೇಡ. ಆದ್ದರಿಂದ ಮಲಗುವ ಮೊದಲು ಒಳಬಟ್ಟೆಯಿಂದ ಹಿಡಿದು ಕಾಲುಚೀಲದವರೆಗೆ ಎಲ್ಲವನ್ನೂ ಬದಲಿಸಿ. ಆಡಿ ಬೆವರಿದ ಬಟ್ಟೆ ಒಣಗಿದಂತೆ ಕಂಡರೂ ಒಣಗಿರುವುದಿಲ್ಲ. ಕಿವಿ ಮುಚ್ಚುವ ಟೋಪಿ ಹಾಕಿ. ಹೊದಿಕೆಗಿಂತ ಹಾಸಿಗೆಯ ಕಡೆ ಹೆಚ್ಚು ಗಮನವಿರಲಿ, ಚಳಿ ನೆಲದಿಂದ ಏರುತ್ತದೆ. ಕೆಳಗೆ ಎರಡು ಪದರ ಗೋಣಿತಾಟು, ಅದರ ಮೇಲೆ ಚಾಪೆ, ಅದರ ಮೇಲೆ ಮಡಿಸಿದ ಕಂಬಳಿ. ದೊಡ್ಡವರ ಸ್ಲೀಪಿಂಗ್ ಬ್ಯಾಗಿನಲ್ಲಿ ಮಗುವನ್ನು ಮಲಗಿಸುವುದಾದರೆ ಕಾಲಿನಿಂದಾಚೆ ಉಳಿಯುವ ಭಾಗವನ್ನು ಅಡಿಗೆ ಮಡಚಿಬಿಡಿ. ಆ ಖಾಲಿ ಜಾಗವನ್ನು ಬೆಚ್ಚಗೆ ಮಾಡುವಷ್ಟು ಶಾಖ ಪುಟ್ಟ ಮೈಯಲ್ಲಿ ಇರುವುದಿಲ್ಲ. ಗಾಳಿ ಕಿಂಡಿ ಮಾತ್ರ ನಾಲ್ಕು ಬೆರಳು ತೆರೆದೇ ಇರಲಿ.

ಚಳಿ ಎಂದು ಕೆಂಡದ ಅಗ್ಗಿಷ್ಟಿಕೆಯನ್ನಾಗಲಿ, ಗ್ಯಾಸ್ ಒಲೆಯನ್ನಾಗಲಿ ಟೆಂಟಿನ ಒಳಗೆ ತರಬೇಡಿ. ಒಂದು ಗಳಿಗೆಗೂ ಬೇಡ. ಒಮ್ಮೆ ಶಿಬಿರದಲ್ಲಿ ಸಹೋದ್ಯೋಗಿಯೊಬ್ಬರು ಮಕ್ಕಳ ಮೇಲಿನ ಪ್ರೀತಿಯಿಂದಲೇ ಕೆಂಡ ತುಂಬಿದ ಬಾಣಲೆಯನ್ನು ಒಳಗಿಟ್ಟು ಜಿಪ್ಪು ಎಳೆದಿದ್ದರು. ರಾತ್ರಿ ಸುತ್ತು ಹಾಕುವಾಗ ಬಟ್ಟೆಯ ಮೇಲೆ ಕೆಂಪು ಬೆಳಕು ಕಂಡು ನಾನು ಎಳೆದು ಹೊರಗೆ ಹಾಕಿದೆ. ಕೆಂಡದಿಂದ ಬರುವ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ನಿದ್ದೆಯಲ್ಲಿದ್ದವರು ಎಚ್ಚರವಾಗದೆಯೇ ಹೋಗಿಬಿಡುತ್ತಾರೆ. ಆ ಟೆಂಟಿನಲ್ಲಿ ಆರು ಹುಡುಗಿಯರಿದ್ದರು. ಈಗಲೂ ನೆನೆದರೆ ಕೈ ತಣ್ಣಗಾಗುತ್ತದೆ.

ಬೆಂಕಿ ಹೊರಗೇ ಇರಲಿ, ತರಗೆಲೆ ಗುಡಿಸಿದ ಬರಿನೆಲದಲ್ಲಿ. ಮೊಮ್ಮಗಳಿಗಾಗಿ ನಾನು ಬೆಂಕಿಯಿಂದ ನಾಲ್ಕು ಹೆಜ್ಜೆ ದೂರಕ್ಕೆ ರಂಗೋಲಿ ಪುಡಿಯಲ್ಲಿ ದೊಡ್ಡ ವೃತ್ತ ಎಳೆದಿದ್ದೆ. ನೂರು ಸಲ “ಹತ್ತಿರ ಹೋಗಬೇಡ” ಎನ್ನುವ ಬದಲು ಒಂದು ಬಿಳಿ ಗೆರೆ ಸಾಕಾಯಿತು. ಅವಳೇ ಗೆರೆಯ ಕಾವಲುಗಾರ್ತಿಯಾಗಿ ನಮ್ಮನ್ನೂ ಗದರಿಸುತ್ತಿದ್ದಳು. ಬೆಳಗಿನ ಬೂದಿಯನ್ನು ಮರೆಯಬೇಡಿ. ಮೇಲೆ ತಣ್ಣಗೆ ಬೆಳ್ಳಗೆ ಕಾಣುತ್ತದೆ, ಒಳಗೆ ಕೆಂಡ ಜೀವಂತವಾಗಿರುತ್ತದೆ, ಮಕ್ಕಳು ಬರಿಗಾಲಿನಲ್ಲಿ ಓಡುತ್ತಾರೆ. ಮಲಗುವ ಮೊದಲೇ ಎರಡು ಕೊಡ ನೀರು ಸುರಿದು ಕೋಲಿನಿಂದ ಕಲಸಿಬಿಡಿ.

ಆನೆಯ ವಿಷಯದಲ್ಲಿ ರಾಜಿ ಇಲ್ಲ. ಸಿದ್ದಾಪುರ, ಪೊನ್ನಂಪೇಟೆ ಕಡೆಯ ತೋಟಗಳಲ್ಲಿ ಆನೆ ಹಗಲಲ್ಲೂ ಓಡಾಡುತ್ತದೆ. ತೋಟದ ಮಾಲೀಕರನ್ನು ಮಾತ್ರ ಕೇಳಬೇಡಿ, ತೋಟದ ಕೆಲಸ, ಲೆಕ್ಕ ನೋಡಿಕೊಳ್ಳುವ ರೈಟರನ್ನು ಕೇಳಿ, ಲೈನ್‌ಮನೆಗಳಲ್ಲಿರುವ ತೋಟದ ಕೆಲಸಗಾರರನ್ನು ಕೇಳಿ. ಬೆಳಿಗ್ಗೆ ಆರಕ್ಕೆ ಕೆಲಸಕ್ಕೆ ನಡೆದು ಬರುವವರಿಗೆ ಲದ್ದಿ ಎಲ್ಲಿತ್ತು ಎಂಬುದು ಗೊತ್ತಿರುತ್ತದೆ. ಒಂದು ತಿಂಗಳಿನಿಂದೀಚೆಗೆ ಆನೆ ಬಂದಿದೆ ಎಂದರೆ ಆ ಜಾಗ ಬಿಟ್ಟುಬಿಡಿ, ಅಲ್ಲಿ ಟೆಂಟಿಗೆ ಅವಕಾಶವೇ ಇಲ್ಲ. ಆನೆ ಬಾರದ ಊರಿನಲ್ಲೂ ಅಕ್ಕಿ, ಬೆಲ್ಲ, ಉಪ್ಪು, ಬಾಳೆಹಣ್ಣು ಇವೆಲ್ಲ ರಾತ್ರಿ ಮನೆಯೊಳಗೇ ಇರಲಿ. ಟೆಂಟಿನಲ್ಲಿ ತಿಂಡಿ ಇಟ್ಟರೆ ಇಲಿ ಬರುತ್ತದೆ, ಇಲಿಯ ಹಿಂದೆ ಹಾವು ಬರುತ್ತದೆ. ಜಿಪ್ಪು ಸದಾ ಮುಚ್ಚಿರಲಿ, ಶೂಗಳನ್ನು ಒಳಗೇ ಇಟ್ಟುಕೊಳ್ಳಿ, ಹಾಕುವ ಮೊದಲು ಕೊಡವಿ. ಎಲ್ಲ ಎಚ್ಚರದ ನಡುವೆಯೂ ಹಾವು ಕಚ್ಚಿದರೆ ಬಿಗಿಯಾಗಿ ಕಟ್ಟುವುದು, ಕೊಯ್ಯುವುದು, ಬಾಯಿಯಿಂದ ಹೀರುವುದು ಯಾವುದೂ ಬೇಡ. ಕಚ್ಚಿದ ಕೈಯೋ ಕಾಲೋ ಅಲುಗದಂತೆ ಇಟ್ಟು, 108ಕ್ಕೆ ಕರೆ ಮಾಡಿ, ಆಸ್ಪತ್ರೆಗೆ ಹೊರಡಿ. ಟೆಂಟಿನ ಬಳಿ ಮೊಬೈಲ್ ಸಿಗ್ನಲ್ ಸಿಗುತ್ತದೆಯೇ ಎಂದು ಹಗಲಲ್ಲೇ ನೋಡಿಕೊಳ್ಳಿ. ಹೊಳೆಯ ದಂಡೆಯಲ್ಲಿ ಬೇಡ. ಬರೆಯ, ಅಂದರೆ ಕಡಿದಾದ ಮಣ್ಣಿನ ದಿಬ್ಬದ, ಕೆಳಗೆ ಬೇಡ ಎಂದು 2018ರ ಆಗಸ್ಟಿನ ಭೂಕುಸಿತ ಕಂಡ ಕೊಡಗಿನವರಿಗೆ ನಾನು ಹೇಳಬೇಕಾಗಿಲ್ಲ.

ಊಟಕ್ಕೆ ಹೊಸದೇನೂ ಬೇಡ. ಮಗು ಮನೆಯಲ್ಲಿ ಏನು ತಿನ್ನುತ್ತದೆಯೋ ಅದೇ ಇರಲಿ, ಜೊತೆಗೆ ಕೆಂಡದಲ್ಲಿ ಸುಟ್ಟ ಗೆಣಸು.

ಕೊನೆಗೆ ಒಂದು ಮಾತು, ಅತ್ತೆಯವರನ್ನೂ ಕರೆದುಕೊಂಡು ಹೋಗಿ. ಅವರಿಗೆ ಮನೆಯೊಳಗಿನ ಮಂಚ, ಬೆಂಕಿಯ ಪಕ್ಕದ ಕುರ್ಚಿ, ಕಥೆ ಹೇಳುವ ಕೆಲಸ. ಕಿಟಕಿಯ ದೀಪ ಉರಿಸಿಡುವವರು ಅವರೇ ಆಗಲಿ.

ಪ್ರಶ್ನೆ: ನಮ್ಮ ಮಗನಿಗೆ ಐದೂವರೆ ವರ್ಷ. ಕತ್ತಲೆ ಎಂದರೆ ಅಳು, ಬಚ್ಚಲಿಗೂ ಒಬ್ಬನೇ ಹೋಗುವುದಿಲ್ಲ. ರಾತ್ರಿ ಆಗಾಗ ಹಾಸಿಗೆ ಒದ್ದೆ ಮಾಡಿಕೊಳ್ಳುತ್ತಾನೆ. ಅಣ್ಣನ ಮಕ್ಕಳೆಲ್ಲ ಸೇರಿ ಟೆಂಟ್ ಹಾಕುವ ಯೋಚನೆಯಲ್ಲಿದ್ದಾರೆ. ಇವನನ್ನು ಕಳುಹಿಸಿದರೆ ಧೈರ್ಯ ಬರುತ್ತದೆಯೇ?
ಒಬ್ಬ ತಂದೆ, ಸೋಮವಾರಪೇಟೆ

ಉತ್ತರ: ಕಳುಹಿಸಬೇಡಿ, ನೀವೇ ಜೊತೆಗೆ ಹೋಗಿ. ಹೆದರುವ ಮಗುವನ್ನು ಹೆದರಿಕೆಯೊಳಗೆ ದೂಡಿದರೆ ಧೈರ್ಯ ಬರುವುದಿಲ್ಲ, ಅಪ್ಪ ತನ್ನನ್ನು ದೂಡಿದ ಎಂಬುದು ಮಾತ್ರ ನೆನಪಿನಲ್ಲಿ ಉಳಿಯುತ್ತದೆ.

ನಮ್ಮ ಹಿರಿಯರು ಮಕ್ಕಳಿಗೆ ಇರುಳನ್ನು ಹೇಗೆ ಪರಿಚಯಿಸಿದರು ಎಂದು ಯೋಚಿಸಿ ನೋಡಿ. ಪುತ್ತರಿ ಎಂದರೆ ನಮ್ಮ ಕೊಡಗಿನ ಸುಗ್ಗಿ ಹಬ್ಬ; ಆ ರಾತ್ರಿ ಮನೆಮಂದಿಯೆಲ್ಲ ಸೇರಿ ಗದ್ದೆಗೆ ಇಳಿಯುತ್ತೇವೆ. ಹುಣ್ಣಿಮೆಯ ಆಸುಪಾಸು, ತಲೆಯ ಮೇಲೆ ಚಂದ್ರ. ಮಗು ಯಾರದೋ ಸೊಂಟದ ಮೇಲೆ ಇಲ್ಲವೇ ಯಾರದೋ ಬೆರಳು ಹಿಡಿದು ಬದುವಿನ ಮೇಲೆ. ಕದಿರು ಕೊಯ್ಯುವಾಗ ಎಲ್ಲರೂ “ಪೊಲಿ ಪೊಲಿ ದೇವಾ” ಎಂದು ಕೂಗುತ್ತಾರೆ, ಮಗುವೂ ಕೂಗುತ್ತದೆ. ಆಗ ಹಾರಿಸುವ ಕೋವಿಯ ಸದ್ದಿಗೆ ಬೆಚ್ಚಿದರೂ ಸುತ್ತ ಹತ್ತು ಜನ ನಗುತ್ತಿರುತ್ತಾರೆ. ಮೊದಲ ಇರುಳು ಹಾಗಿರಬೇಕು: ಜನ ಇರಬೇಕು, ಕೈಗೆ ಕೆಲಸ ಇರಬೇಕು, ಬೆಳದಿಂಗಳಿರಬೇಕು. ನೀವೂ ಹುಣ್ಣಿಮೆಯ ಹತ್ತಿರದ ದಿನವನ್ನೇ ಆರಿಸಿ. ಅದಕ್ಕೆ ಒಂದು ವಾರ ಮೊದಲಿನಿಂದ ಪ್ರತಿದಿನ ಊಟವಾದ ಮೇಲೆ ಅವನ ಕೈ ಹಿಡಿದು ಅಂಗಳದಲ್ಲಿ ಐದು ನಿಮಿಷ ನಿಲ್ಲಿ. ಎಷ್ಟು ಬಗೆಯ ಸದ್ದು ಕೇಳುತ್ತದೆ ಎಂದು ಬೆರಳು ಮಡಚಿ ಎಣಿಸಲಿ. ಸಿಲ್ವರ್ ಓಕ್ ಎಲೆಯ ಸರಸರ, ಕಪ್ಪೆ, ದೂರದ ಲಾರಿ, ಅಡಿಕೆ ಹಾಳೆ ದೊಪ್ಪೆಂದು ಬೀಳುವುದು. ಹೆಸರು ಗೊತ್ತಾದ ಸದ್ದು ಮತ್ತೆ ಹೆದರಿಸುವುದಿಲ್ಲ. ಹೆಸರು ನಿಮಗೂ ತಿಳಿಯದಿದ್ದರೆ ಇಬ್ಬರೂ ಟಾರ್ಚ್ ಹಿಡಿದು ಹೋಗಿ ನೋಡಿ. ಟಾರ್ಚ್ ಅವನ ಕೈಯಲ್ಲೇ ಇರಲಿ, ರಾತ್ರಿಯಿಡೀ ಉರಿಸಿದರೂ ಬೈಯಬೇಡಿ, ಸೆಲ್ಲಿಗೆ ಎಷ್ಟು ಮಹಾ ಖರ್ಚು. ದೊಡ್ಡ ಮಕ್ಕಳಿಗೆ ದೆವ್ವದ ಕಥೆ ಹೇಳಬಾರದೆಂದು ಮೊದಲೇ ಕಟ್ಟುನಿಟ್ಟಾಗಿ ಹೇಳಿ.

ಹಾಸಿಗೆ ಒದ್ದೆಯಾಗುವುದು ಈ ವಯಸ್ಸಿನಲ್ಲಿ ಎಷ್ಟೋ ಮಕ್ಕಳಲ್ಲಿ ಇರುವಂಥದ್ದು, ಅದು ಅವನ ತಪ್ಪಲ್ಲ. ಕುಡಿಯುವುದೆಲ್ಲ ಸಂಜೆಯೇ ಮುಗಿಯಲಿ, ಮಲಗುವ ಮೊದಲು ಒಮ್ಮೆ, ನೀವು ಮಲಗುವಾಗ ಎಬ್ಬಿಸಿ ಇನ್ನೊಮ್ಮೆ ಕರೆದುಕೊಂಡು ಹೋಗಿ. ಕೆಳಗೆ ಒಂದು ಪ್ಲಾಸ್ಟಿಕ್ ಹಾಳೆ, ನಿಮ್ಮ ತಲೆಯ ಹತ್ತಿರ ಎರಡು ಜೊತೆ ಒಣಬಟ್ಟೆ. ಒದ್ದೆಯಾದರೆ ಯಾರಿಗೂ ಎಚ್ಚರವಾಗದಂತೆ ಬದಲಿಸಿಬಿಡಿ. ಬೆಳಿಗ್ಗೆ ಅಣ್ಣನ ಮಕ್ಕಳಿಗೆ ಅದು ತಿಳಿಯಬಾರದು. ಇದೊಂದನ್ನು ನೀವು ಉಳಿಸಿಕೊಟ್ಟರೆ ಅವನು ಮುಂದಿನ ಸಲ ತಾನಾಗಿ ಬರುತ್ತಾನೆ.

ಪ್ರಶ್ನೆ: ಶಾಲೆ ಶುರುವಾದ ಮೇಲೆ ಜೂನ್ ತಿಂಗಳಲ್ಲಿ ಮಾತ್ರ ನನಗೆ ರಜೆ ಸಿಗುತ್ತದೆ. ಮಳೆಯಲ್ಲಿ ಟೆಂಟ್ ಚೆನ್ನಾಗಿರುತ್ತದೆ ಎನ್ನುತ್ತಾರೆ. ಜಿಗಣೆಗೆ ಏನು ಮಾಡುವುದು?
ಒಬ್ಬರು ಓದುಗರು, ಮೈಸೂರು

ಉತ್ತರ: ಜೂನ್ ಬೇಡ. ನಮ್ಮ ಮಳೆ ಒಂದು ಸಲ ಹಿಡಿದರೆ ಮಗುವಿನ ಬಟ್ಟೆ ಒಣಗಿಸಲು ನಾಲ್ಕು ದಿನ ಬೇಕು. ಮಳೆಯನ್ನು ಮಗುವಿಗೆ ತೋರಿಸಲೇಬೇಕೆಂದಿದ್ದರೆ ಮನೆಯ ಜಗುಲಿಯಲ್ಲಿ ಟೆಂಟ್ ಹಾಕಿ. ಹೆಂಚಿನ ಮೇಲಿನ ಸದ್ದು, ಸೂರಂಚಿನ ಧಾರೆ ಎಲ್ಲವೂ ಸಿಗುತ್ತದೆ, ಮೈ ಮಾತ್ರ ಒಣಗಿರುತ್ತದೆ.

ಜಿಗಣೆಗೆ ಹೆದರಬೇಕಾಗಿಲ್ಲ. ಉಗುರನ್ನು ಚರ್ಮಕ್ಕೆ ಒತ್ತಿ ಅದರ ಬಾಯಿಯ ಅಡಿಗೆ ಜಾರಿಸಿದರೆ ಬಿಡುತ್ತದೆ. ನಾವು ದೊಡ್ಡವರು ಸುಣ್ಣ, ಹೊಗೆಸೊಪ್ಪು ಬಳಸುತ್ತೇವೆ, ಮಗುವಿನ ಎಳೆಯ ಚರ್ಮಕ್ಕೆ ಅವು ಬೇಡ. ಜಿಗಣೆಯ ಎಂಜಲು ರಕ್ತ ಹೆಪ್ಪುಗಟ್ಟಲು ಬಿಡುವುದಿಲ್ಲ, ಅದಕ್ಕೇ ಸಣ್ಣ ಗಾಯವಾದರೂ ತುಂಬ ಹೊತ್ತು ಸುರಿಯುತ್ತದೆ. ತೊಳೆದು, ಶುಚಿಯಾದ ಬಟ್ಟೆಯಿಂದ ಒತ್ತಿ ಹಿಡಿದರೆ ಸಾಕು. ನೀವು ಕಿರುಚಿದರೆ ಮಗು ಕಿರುಚುತ್ತದೆ, “ಓ, ಜಿಗಣೆ ಬಂತೇ” ಎಂದರೆ ಮಗುವೂ ಬಗ್ಗಿ ನೋಡುತ್ತದೆ. ನಾನು ಹೆಚ್ಚು ಎಚ್ಚರ ವಹಿಸುವುದು ಒಣಗಾಲದ ಉಣ್ಣೆಯ, ಮೈಗೆ ಕಚ್ಚಿಕೊಳ್ಳುವ ಆ ಸಣ್ಣ ಹುಳದ ಬಗ್ಗೆ. ಡಿಸೆಂಬರಿನಿಂದ ಮೇವರೆಗೆ ಎಲ್ಲೇ ಹುಲ್ಲು, ತರಗೆಲೆಯಲ್ಲಿ ಆಡಿ ಬಂದರೂ ಸಂಜೆ ಬಿಸಿನೀರು ಹಾಕುವಾಗ ಕಿವಿಯ ಹಿಂದೆ, ಕಂಕುಳು, ತೊಡೆಯ ಸಂದು, ಕೂದಲ ಬುಡ ಎಲ್ಲವನ್ನೂ ಬೆರಳಾಡಿಸಿ ನೋಡಿ.

ಪ್ರಶ್ನೆ: ಮೊಮ್ಮಗುವಿಗೆ ಒಂಬತ್ತು ತಿಂಗಳು. ಮಗ, ಸೊಸೆ ಟೆಂಟಿಗೆ ಕರೆದೊಯ್ಯುತ್ತಾರಂತೆ.
ಒಬ್ಬ ತಾತ, ಮಡಿಕೇರಿ

ಉತ್ತರ: ಅಣ್ಣಾ, ಹಗಲು ಕರೆದುಕೊಂಡು ಹೋಗಿ ಬರಲಿ, ರಾತ್ರಿ ಬೇಡ. ವರ್ಷದೊಳಗಿನ ಮಗು ಮಲಗುವಲ್ಲಿ ಸಡಿಲವಾದ ದಪ್ಪ ಹೊದಿಕೆ, ದಿಂಬು ಇರಬಾರದು, ಮುಖ ಮುಚ್ಚಿ ಉಸಿರು ಕಟ್ಟೀತು. ನಮ್ಮ ಚಳಿಯಲ್ಲಿ ಹೊದಿಕೆ ಇಲ್ಲದೆ ಟೆಂಟಿನಲ್ಲಿ ಮಲಗಿಸುವಂತೆಯೂ ಇಲ್ಲ.

ಪ್ರಶ್ನೆ: ಟೀಚರ್, ನಾನು ಎರಡನೇ ಕ್ಲಾಸ್. ನಾವು ಅಜ್ಜನ ತೋಟದಲ್ಲಿ ಟೆಂಟ್ ಹಾಕುತ್ತೇವೆ. ನಮ್ಮ ನಾಯಿ ಕರಿಯ ಟೆಂಟಿನಲ್ಲಿ ಮಲಗಬಹುದೇ? ಅಪ್ಪ ಬೇಡ ಎಂದರು.
ಎರಡನೇ ಕ್ಲಾಸಿನ ಹುಡುಗ, ಸುಂಟಿಕೊಪ್ಪ

ಉತ್ತರ: ಪುಟ್ಟಾ, ನಿನ್ನ ಅಕ್ಷರ ತುಂಬ ದುಂಡಗಿದೆ. ಅಪ್ಪ ಹೇಳಿದ್ದು ಸರಿ. ನಮ್ಮ ತೋಟಗಳಲ್ಲಿ ಚಿರತೆ ಓಡಾಡುತ್ತದೆ, ಅದಕ್ಕೆ ನಾಯಿ ಎಂದರೆ ಬಹಳ ಆಸೆ. ಕರಿಯ ಹೊರಗಿದ್ದರೆ ಅವನಿಗೂ ಕಷ್ಟ, ಅವನ ಹತ್ತಿರ ಮಲಗಿದ ನಿನಗೂ ಕಷ್ಟ. ಸಂಜೆ ಟೆಂಟ್ ಕಟ್ಟುವಾಗ ಅವನು ನಿನ್ನ ಜೊತೆಗೇ ಇರಲಿ. ಕತ್ತಲಾಗುವ ಮೊದಲು ಅವನಿಗೆ ಊಟ ಹಾಕಿ, ಅಜ್ಜನ ಮನೆಯೊಳಗೆ ಅವನ ಗೋಣಿಚೀಲ ಹಾಸಿ ಮಲಗಿಸು. ಬೆಳಿಗ್ಗೆ ಅಜ್ಜ ಬಾಗಿಲು ತೆಗೆದ ಕೂಡಲೇ ನಿನ್ನ ಟೆಂಟಿನ ಜಿಪ್ಪನ್ನು ಹೊರಗಿನಿಂದ ಮೂಸುವವನು ಅವನೇ.